ತಗಡಿನ ಅಳತೆ

ಕೈಗವಸು ಸುತ್ತಿ ಬಂದ ಕಾಗದವನ್ನು ಬಿಡಿಸಿ
ಡಾಕ್ಟರ್ ರುಖಿಯಾ ನನ್ನ ತಮ್ಮನ ಎಡಗಾಲಿನ ಹೊಂಡದ ಮೇಲೆ ಇಟ್ಟರು.
ಒದ್ದೆಯಾದಷ್ಟನ್ನು ಅಂಚಿನ ಗುಂಟ ಕತ್ತರಿಸಿದರು.
ಆ ತುಂಡನ್ನು ಮಗುಚಿ
ಬಲಗಾಲಿನ ಮೀನಖಂಡಕ್ಕೆ ಹಾಸಿ
ನೀಲಿ ಪೆನ್ನಿನಲ್ಲಿ ಸುತ್ತ ಗೆರೆ ಎಳೆದರು.

ಇದು ನನಗೆ ಗೊತ್ತು, ಎಂದೆ.
ನಾನು ಬೀಡಿಯವಳು. ಮೂವತ್ತೊಂದು ವರ್ಷದಿಂದ
ತಗಡಿನ ಅಳತೆಯನ್ನು ಎಲೆಯ ಮೇಲಿಟ್ಟು
ನರ ತಪ್ಪಿಸಿ ಕತ್ತರಿಸುವವಳು.
ಡಾಕ್ಟರ್ ನಕ್ಕರು:
ನಾವು ನರ ಉಳಿಸಿ ಕತ್ತರಿಸುವವರು.

ಕುಂಬಳೆಯಿಂದ ಒಳಗೆ, ಪದವಿನ ಕೆಂಪುಕಲ್ಲಿನ ಕೋರೆಯಲ್ಲಿ
ಲಾರಿ ಹಿಂದಕ್ಕೆ ಬಂತು. ಅಷ್ಟೆ.
ಕಾಲುಚೀಲ ಕಳಚಿದ ಹಾಗೆ ಚರ್ಮ ಜಾರಿತ್ತು;
ಎಲುಬು, ಆಗಷ್ಟೆ ಒಡೆದ ಕಾಯಿಯ ಬಿಳಿ.
ಕಾಸರಗೋಡಿನಲ್ಲಿ ಮೂರು ಸಲ ತೊಳೆದರು.
ತೊಳೆದಷ್ಟೂ ಕೆಂಪುಮಣ್ಣು.

ತೊಡೆಯ ಚರ್ಮ ತೆಗೆದು ಹಚ್ಚಬಾರದೇ?
ಬೋಳು ಎಲುಬಿಗೆ ಚರ್ಮ ಹಿಡಿಯುವುದಿಲ್ಲ, ಅಕ್ಕಾ.
ನಿಮ್ಮ ಪದವಿನ ಪಾರೆಯಲ್ಲಿ ಭತ್ತ ಬಿತ್ತುತ್ತೀರಾ?
ಮಣ್ಣು ಬೇಕು, ಮಣ್ಣಿಗೆ ನೀರು ಬೇಕು.
ತೋಡು ಕಡಿಯದೆ ಗದ್ದೆಯನ್ನೇ ಈಚೆ ತರಬೇಕು.
ಈ ಕಾಲಿನ ಮೂರು ತೋಡುಗಳಲ್ಲಿ ಎರಡು ಬತ್ತಿವೆ.
ಇನ್ನು ಆ ಕಾಲೇ ಗತಿ.

ಎರಡನ್ನೂ ಕತ್ತರಿಯಂತೆ ಅಡ್ಡಹಾಕಿ ಬಿಗಿದರು,
ಇಪ್ಪತ್ತೊಂದು ದಿನಕ್ಕೆ.
ಒಂದು ಗಡಂಗಿಗೆ ಎಳೆದರೆ ಒಂದು ಮನೆಗೆ ಎಳೆಯುತ್ತಿದ್ದ
ಐತಪ್ಪನ ಕಾಲುಗಳು
ಇಷ್ಟು ಹೊತ್ತು ಒಟ್ಟಿಗಿದ್ದದ್ದು
ಅಮ್ಮನ ಹೊಟ್ಟೆಯಲ್ಲಿ ಮಾತ್ರ.

ಬೀಡಿ ಎಳೆಯುತ್ತಾನಾ?
ನಾನು ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೆ.
ಒಂದು ದಮ್ಮು ಸಾಕು. ನಾಳ ಮುದುಡುತ್ತದೆ,
ತಂದಿಟ್ಟ ಮಾಂಸ ಕಪ್ಪಾಗುತ್ತದೆ.
ಹೂಂ, ಎಂದೆ.
ಕಂಪೆನಿಯವರು ವಾಪಾಸು ತಳ್ಳಿದ ಬೀಡಿಗಳು:
ಬಾಯಿ ಸರಿ ಮಡಚದ್ದು, ಸೊಂಟ ದಪ್ಪವಾದದ್ದು,
ನೂಲು ಸಡಿಲ ಬಿಟ್ಟದ್ದು.
ಅವನ ಹದಿನಾರನೇ ವಯಸ್ಸಿನಿಂದ
ಅವನ್ನು ಅವನಿಗೆ ಕೊಟ್ಟವಳು ನಾನೇ,
ಬಿಸಾಡಲು ಮನಸ್ಸು ಬಾರದೆ.

ನರ್ಸ್ ಬಿನ್ಸಿ ಗಂಟೆಗೊಮ್ಮೆ ಬರುತ್ತಾಳೆ.
ಬೆರಳಿನಿಂದ ಒತ್ತುತ್ತಾಳೆ, ಬಿಳಿ.
ಬಿಟ್ಟು ಎಣಿಸುತ್ತಾಳೆ, ಒನ್ನ್, ರಂಡ್.
ಅಷ್ಟರೊಳಗೆ ಕೆಂಪು ಮರಳಬೇಕು.
ಸಾವಿರ ಬೀಡಿಯ ಲೆಕ್ಕ ತಪ್ಪದ ನಾನು
ಈ ಎರಡರ ಲೆಕ್ಕಕ್ಕೆ ಉಸಿರು ಕಟ್ಟುತ್ತೇನೆ.

ಆರನೇ ರಾತ್ರಿ ಅಂಚು ನೇರಳೆಯಾಯಿತು.
ತಲೆದಿಂಬಿನ ಹತ್ತಿರ ಬಗ್ಗಿದೆ. ಹೊಗೆಸೊಪ್ಪಿನ ವಾಸನೆ.
ಅವನ ಬಾಯಿಯದೋ ನನ್ನ ಕೈಯದೋ
ತಿಳಿಯಲಿಲ್ಲ.
ಕೇಳಲೂ ಇಲ್ಲ.
ಬಾತ್‌ರೂಮಿನ ನಳ್ಳಿಯಲ್ಲಿ ಸೋಪು ಹಾಕಿ
ಮೊಣಕೈಯವರೆಗೆ ತಿಕ್ಕಿದೆ. ಮತ್ತೆ ತಿಕ್ಕಿದೆ.
ಉಗುರ ಸಂದಿಯಲ್ಲಿ ಮೂವತ್ತೊಂದು ವರ್ಷ.

ಒಂದು ಗಂಟೆಗೆ ಡಾಕ್ಟರ್ ಬಂದರು, ಚಪ್ಪಲಿ ಅದಲುಬದಲು.
ಎರಡು ಹೊಲಿಗೆ ಬಿಚ್ಚಿದರು, ಸೂಜಿ ಚುಚ್ಚಿದರು.
ಕಪ್ಪು ಹನಿ. ಇನ್ನೊಂದು ಕಪ್ಪು ಹನಿ.
ಎಷ್ಟೋ ಹೊತ್ತಿನ ಮೇಲೆ ಒಂದು ಕೆಂಪು.
ಯಾರು ಕೊಟ್ಟದ್ದು ಬೀಡಿ ಎಂದು ಅವರೂ ಕೇಳಲಿಲ್ಲ.
ಎರಡು ಬೆರಳಗಲ ಹೋಯಿತು.
ಉಳಿದದ್ದು ಹಿಡಿಯಿತು.

ಕಾಲು ಕಟ್ಟಿದ್ದಷ್ಟು ದಿನವೂ
ಎಡಗಡೆಯ ತೇಪೆ ಮುಟ್ಟಿದರೆ ಬಲಗಾಲು ಮುಟ್ಟಿದಿ ಎನ್ನುತ್ತಿದ್ದ.
ಬಿಡಿಸಿದ ಮೇಲೆ
ಏನೂ ಎನ್ನುವುದಿಲ್ಲ.

ಈಗ ಜಗಲಿಯಲ್ಲಿ ಕಾಲು ಚಾಚಿ ಕೂರುತ್ತಾನೆ.
ಮುಂಗಾಲಿನಲ್ಲಿ ಮೀನಖಂಡದ ರೋಮ,
ಯಾರದೋ ಮನೆಯ ಹಸು ನಮ್ಮ ಕೊಟ್ಟಿಗೆಯಲ್ಲಿ ಮಲಗಿದ ಹಾಗೆ
ಒಂದು ಉಬ್ಬು.
ಅಲ್ಲಿ ಸೊಳ್ಳೆ ಕೂತರೆ ಅವನಿಗೆ ಗೊತ್ತಾಗುವುದಿಲ್ಲ.
ನಾನು ಮೊರ ಕೆಳಗಿಟ್ಟು, ಅಂಗಳಕ್ಕಿಳಿದು,
ಕೈ ತೊಳೆದು, ಒರೆಸಿಕೊಂಡು, ಬರುವಷ್ಟರಲ್ಲಿ
ಅದು ಹೊಟ್ಟೆ ಊದಿಸಿಕೊಂಡು
ಹಾರಲಾರದೆ ಹಾರುತ್ತಿರುತ್ತದೆ.

ಇರಲಿ ಬಿಡಕ್ಕ, ಎನ್ನುತ್ತಾನೆ.
ರಕ್ತ ಉಂಟು ಅಂತ ಆಯಿತಲ್ಲ.